ಚೆಲುವಾಂಬ ಮಹಲಿನ ಇಲಿಗಳು

ಇಲಿಗೆ ಪಿತ್ತಕೋಶವಿಲ್ಲ. ಅದರ ಯಕೃತ್ತಿನಲ್ಲಿ ಹುಟ್ಟಿದ ಪಿತ್ತರಸ ಎಲ್ಲೂ ತಂಗದೆ ನೇರವಾಗಿ ಕರುಳಿಗೆ ಇಳಿಯುತ್ತದೆ. ಅದರ ದಾಯಾದಿ ಚಿಟ್ಟಿಲಿಗೆ ಮಾತ್ರ ನಮ್ಮ ಹಾಗೆಯೇ ಪಿತ್ತಕೋಶವಿದೆ. ಉಣಿಸುವುದನ್ನು ಉಣಿಸಿದರೆ ಅದರಲ್ಲಿ ಕಲ್ಲೂ ಕಟ್ಟುತ್ತದೆ. 1992ರಲ್ಲಿ ಮೈಸೂರಿನ ಎಂ.ಎಸ್. ಹುಸೇನ್ ಮತ್ತು ಎನ್. ಚಂದ್ರಶೇಖರ ಎಂಬಿಬ್ಬರು ವಿಜ್ಞಾನಿಗಳು ಇಂಥ ಚಿಟ್ಟಿಲಿಗಳ ಮೇಲೆ ಮಾಡಿದ ಪ್ರಯೋಗವೊಂದನ್ನು ಪ್ರಕಟಿಸಿದರು. ಕಲ್ಲು ಕಟ್ಟಿಸುವ ಆಹಾರವನ್ನು 10 ವಾರ ತಿಂದ ಗುಂಪಿನಲ್ಲಿ ಒಂದೂ ಬಿಡದೆ ಎಲ್ಲಕ್ಕೂ ಪಿತ್ತಕೋಶದಲ್ಲಿ ಕಲ್ಲು. ಅದೇ ಆಹಾರಕ್ಕೆ ಶೇ. 0.5ರಷ್ಟು ಕರ್ಕ್ಯುಮಿನ್, ಅಂದರೆ ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಸತ್ವವನ್ನು, ಬೆರೆಸಿ ಕೊಟ್ಟ ಗುಂಪಿನಲ್ಲಿ ಕಲ್ಲು ಕಂಡದ್ದು ಶೇ. 26ಕ್ಕೆ ಮಾತ್ರ.

ಈ ಅಂಕಿ ಒಂದು ದಿನದಲ್ಲಿ ಹುಟ್ಟಿದ್ದಲ್ಲ. ಅದರ ಹಿಂದೆ ನಾಲ್ಕು ದಶಕಗಳ ಕಥೆಯಿದೆ. ಆ ಕಥೆ ನಡೆದದ್ದು ದೇವರಾಜ ಮೊಹಲ್ಲಾದಲ್ಲಿ, ರೈಲ್ವೆ ಮ್ಯೂಸಿಯಂ ಎದುರಿಗೆ ನಿಂತಿರುವ ಚೆಲುವಾಂಬ ಮಹಲಿನ ಆವರಣದಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ತಂಗಿ ರಾಜಕುಮಾರಿ ಚೆಲುವಾಜಮ್ಮಣ್ಣಿಯವರಿಗಾಗಿ ಕಟ್ಟಿದ ಅರಮನೆ ಅದು. 1950ರ ಅಕ್ಟೋಬರ್‌ನಲ್ಲಿ ಅಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಬಾಗಿಲು ತೆರೆಯಿತು. ಮೈಸೂರಿನವರ ಬಾಯಲ್ಲಿ ಅದು ಸಿಎಫ್‌ಟಿಆರ್‌ಐ. ರಾಜಕುಮಾರಿಯ ಮಹಲಿಗೆ ಬಂದ ಹೊಸ ವಾಸಿಗಳಲ್ಲಿ ಇಲಿಗಳೂ ಸೇರಿದ್ದವು.

ಅನ್ನದ ಗುಣವನ್ನು ಇಲಿಯ ಮೈಯಲ್ಲಿ ಅಳೆಯುವ ಪದ್ಧತಿ ದಕ್ಷಿಣ ಭಾರತಕ್ಕೆ ಆಗಲೇ ಪರಿಚಿತವಾಗಿತ್ತು. ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯರು 1920ರ ದಶಕದಲ್ಲಿ ಭಾರತದ ಬೇರೆ ಬೇರೆ ಸೀಮೆಯ ಜನರ ಊಟವನ್ನು ಇಲಿಗಳಿಗೆ ಉಣಿಸಿ ನೋಡಿದ್ದರು. ಗೋಧಿ ರೊಟ್ಟಿ, ಹಾಲು, ಕಾಳು, ಸೊಪ್ಪಿನ ಸಿಖ್ಖರ ಊಟ ತಿಂದ ಇಲಿಗಳು ದಷ್ಟಪುಷ್ಟವಾಗಿ ಬೆಳೆದವು. ಪಾಲಿಶ್ ಅಕ್ಕಿಯೇ ಮುಖ್ಯವಾದ ಮದ್ರಾಸ್ ಕಡೆಯ ಊಟ ತಿಂದವು ಎಲ್ಲಕ್ಕಿಂತ ಹಿಂದುಳಿದವು. ಅನ್ನ ಉಣ್ಣುವ ನಾಡಿಗೆ ಇದು ನೋವಿನ ಸುದ್ದಿ. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ನಂಬಿ ಬಂದವರಿಗೆ, ನಮ್ಮ ಊಟವೇ ನಮ್ಮನ್ನು ಬಡಕಲಾಗಿಸುತ್ತಿದೆ ಎಂದು ಇಲಿ ಹೇಳಿದಂತಾಯಿತು.

ಸಿಎಫ್‌ಟಿಆರ್‌ಐನ ಮೊದಲ ನಿರ್ದೇಶಕ ವಿ. ಸುಬ್ರಹ್ಮಣ್ಯನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನ ಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಬಂಗಾಳದ ಬರ ಕಳೆದು ಏಳು ವರ್ಷವಷ್ಟೇ ಆಗಿತ್ತು, ರೇಷನ್ ಕಾಲ. ಹಸಿದ ದೇಶಕ್ಕೆ ಅಗ್ಗದ ಪೌಷ್ಟಿಕ ಆಹಾರ ಬೇಕಿತ್ತು. ಅವರೂ ಎಂ. ಸ್ವಾಮಿನಾಥನ್ ಮುಂತಾದ ಸಂಗಡಿಗರೂ ಕಡಲೆಕಾಯಿ ಹಿಂಡಿಯ ಹಿಟ್ಟಿಗೆ ಕಡಲೆಹಿಟ್ಟು ಬೆರೆಸಿ ಇಂಡಿಯನ್ ಮಲ್ಟಿಪರ್ಪಸ್ ಫುಡ್ ಎಂಬ ಮಿಶ್ರಣ ಸಿದ್ಧಪಡಿಸಿದರು. ಎಮ್ಮೆ ಹಾಲಿನಿಂದ ಮಗುವಿನ ಆಹಾರ ತಯಾರಿಸುವ ವಿಧಾನವೂ ಇಲ್ಲೇ ರೂಪುಗೊಂಡು ಮುಂದೆ ಅಮುಲ್ ಡಬ್ಬಿಗೆ ಹೋಯಿತು. ಇಂಥ ಆಹಾರಗಳಿಗೆಲ್ಲ ಇಲಿಯೇ ತಕ್ಕಡಿ. ತಾಯಿಯ ಹಾಲು ಬಿಟ್ಟ ಮರಿಗಳಿಗೆ ನಾಲ್ಕು ವಾರ ಅಳೆದು ಉಣಿಸಿ, ತಿಂದ ಒಂದೊಂದು ಗ್ರಾಂ ಪ್ರೋಟೀನಿಗೆ ಮೈತೂಕ ಎಷ್ಟೇರಿತೆಂದು ಲೆಕ್ಕ ಹಾಕುವುದು. ಆಗ ಕೇಳುತ್ತಿದ್ದ ಪ್ರಶ್ನೆ ಬೆಳವಣಿಗೆಯದು, ರೋಗದ್ದಲ್ಲ.

ರೋಗದ ಪ್ರಶ್ನೆ ಮುಂದಕ್ಕೆ ಬಂದದ್ದು 1960ರ ದಶಕ ಮುಗಿಯುವ ಹೊತ್ತಿಗೆ. ರಕ್ತದ ಕೊಲೆಸ್ಟರಾಲ್ ಮತ್ತು ಹೃದ್ರೋಗದ ನಂಟು ಪಶ್ಚಿಮದ ವೈದ್ಯರನ್ನು ಆಗ ಕಾಡುತ್ತಿತ್ತು. ಮೈಸೂರಿನ ಪ್ರಯೋಗಾಲಯದವರು ಆ ಪ್ರಶ್ನೆಯನ್ನು ತಮ್ಮ ಮಸಾಲೆ ಡಬ್ಬಿಗೆ ತಂದುಕೊಂಡರು. ಡಿ. ಸುಬ್ಬರಾವ್, ಎನ್. ಚಂದ್ರಶೇಖರ, ಎಂ.ಎನ್. ಸತ್ಯನಾರಾಯಣ ಮತ್ತು ಎಂ. ಶ್ರೀನಿವಾಸನ್ ಸೇರಿ ಬರೆದ ಪ್ರಬಂಧ 1970ರಲ್ಲಿ ಅಮೆರಿಕದ ಜರ್ನಲ್ ಆಫ್ ನ್ಯೂಟ್ರಿಷನ್ ಪತ್ರಿಕೆಯಲ್ಲಿ ಅಚ್ಚಾಯಿತು. ಕೊಲೆಸ್ಟರಾಲ್ ಬೆರೆಸಿದ ಆಹಾರ ತಿಂದ ಇಲಿಗಳ ರಕ್ತದಲ್ಲೂ ಯಕೃತ್ತಿನಲ್ಲೂ ಕೊಲೆಸ್ಟರಾಲ್ ಏರಿತು. ಜೊತೆಗೆ ಕರ್ಕ್ಯುಮಿನ್ ತಿಂದವುಗಳಲ್ಲಿ ಅದು ಅರ್ಧದಿಂದ ಮೂರನೇ ಒಂದು ಪಾಲಿನಷ್ಟಿತ್ತು.

ಇಳಿದ ಕೊಲೆಸ್ಟರಾಲ್ ಎಲ್ಲಿ ಹೋಯಿತೆಂಬುದನ್ನೂ ಅವರು ಹುಡುಕಿದರು. ಇಲಿಯ ಹಿಕ್ಕೆಯನ್ನು ಕೂಡಿಸಿ, ಒಣಗಿಸಿ ಪರೀಕ್ಷಿಸಿದಾಗ ಪಿತ್ತಾಮ್ಲಗಳೂ ಕೊಲೆಸ್ಟರಾಲೂ ಅದರಲ್ಲಿ ಹೆಚ್ಚಾಗಿ ಹೊರಹೋಗುತ್ತಿದ್ದುದು ಕಂಡಿತು. ದೇಹ ಪಿತ್ತಾಮ್ಲವನ್ನು ತಯಾರಿಸುವುದು ಕೊಲೆಸ್ಟರಾಲಿನಿಂದಲೇ. ಹೊರಹೋದಷ್ಟನ್ನೂ ಯಕೃತ್ತು ಮತ್ತೆ ತಯಾರಿಸಬೇಕು, ಅದಕ್ಕೆ ದಾಸ್ತಾನಿನ ಕೊಲೆಸ್ಟರಾಲನ್ನು ಖರ್ಚು ಮಾಡಬೇಕು. ಅರಿಶಿನ ರಕ್ತಶುದ್ಧಿ ಮಾಡುತ್ತದೆ ಎಂದು ಹಿರಿಯರು ಹೇಳುತ್ತಿದ್ದ ಮಾತಿಗೂ ಈ ಲೆಕ್ಕಕ್ಕೂ ನಡುವೆ ದೊಡ್ಡ ಅಂತರವಿದೆ. ಲೆಕ್ಕವನ್ನು ಇನ್ನೊಬ್ಬರು ಪರೀಕ್ಷಿಸಬಹುದು, ತಪ್ಪಿದ್ದರೆ ತೋರಿಸಬಹುದು. ಈ ಪ್ರಬಂಧವನ್ನು ನಾನು ಒಂದು ತಿರುವು ಎಂದು ಎಣಿಸುವುದು ಈ ಕಾರಣಕ್ಕೆ.

ಇಲ್ಲಿಂದ ಮೂರು ದಶಕಗಳಿಗೂ ಹೆಚ್ಚು ಕಾಲ ಮೈಸೂರಿನ ಇಲಿಗಳು ನಮ್ಮ ಅಡುಗೆಮನೆಯ ಸಾಮಾನುಗಳನ್ನು ಒಂದೊಂದಾಗಿ ತಿಂದವು. ಒಣಮೆಣಸಿನಕಾಯಿ, ಅದರ ಖಾರದ ಸತ್ವವಾದ ಕ್ಯಾಪ್ಸೈಸಿನ್, ಮೆಂತ್ಯ, ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ. ಸಂಸ್ಥೆಯಲ್ಲೇ ಸಾಕಿದ ವಿಸ್ಟಾರ್ ತಳಿಯ ಇಲಿಗಳಿಗೆ ಐಎನ್‌ಡಿ-ಸಿಎಫ್‌ಟಿ ಎಂಬ ಗುರುತೇ ಬಂತು. ಪ್ರಬಂಧಗಳಲ್ಲಿ ಮೈಸೂರಿನ ಇಲಿಯ ವಂಶನಾಮ ಹೀಗೆ ಅಚ್ಚಾಗುತ್ತಿತ್ತು. ಬಿ.ಆರ್. ಲೋಕೇಶ್, ಕೆ. ಸಾಂಬಯ್ಯ, ಕಲ್ಪನಾ ಪ್ಲಾಟೆಲ್, ಕೆ. ಶ್ರೀನಿವಾಸನ್ ಮುಂತಾದವರು ಈ ಕೆಲಸವನ್ನು ಮುಂದುವರಿಸಿದರು. ಮಸಾಲೆ ಕರುಳಿನ ಜೀರ್ಣರಸಗಳನ್ನು ಹೇಗೆ ಹೆಚ್ಚಿಸುತ್ತದೆ, ತಿಂದದ್ದು ಕರುಳನ್ನು ದಾಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನೆಲ್ಲ ಪ್ಲಾಟೆಲ್ ಮತ್ತು ಶ್ರೀನಿವಾಸನ್ ಅಳೆದರು. ಊಟವಾದ ಮೇಲೆ ಶುಂಠಿ, ಇಂಗು ಹಾಕಿದ ನೀರುಮಜ್ಜಿಗೆ ಕುಡಿಯುವ ನಾಡಿನಲ್ಲಿ ಈ ಪ್ರಶ್ನೆ ಯಾರಾದರೊಬ್ಬರು ಕೇಳಲೇಬೇಕಿತ್ತು.

ಆದರೆ ಈ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳವಾಗಿ ಕಾಣುವುದು ಅವರು "ಇಲ್ಲ" ಎಂದು ಬರೆದ ಸಾಲುಗಳು. 1991ರಲ್ಲಿ ಸಾಂಬಯ್ಯ ಮತ್ತು ಶ್ರೀನಿವಾಸನ್ ಜೀರಿಗೆ, ಚಕ್ಕೆ, ಶುಂಠಿ, ಸಾಸಿವೆ, ಹುಣಸೆಹಣ್ಣು ಈ ಐದನ್ನೂ ಕೊಲೆಸ್ಟರಾಲ್ ಏರಿದ ಇಲಿಗಳಿಗೆ ಕೊಟ್ಟು ನೋಡಿದರು. ಜೀರಿಗೆಯನ್ನು ನಾವು ಸಾಮಾನ್ಯವಾಗಿ ತಿನ್ನುವುದರ ಸುಮಾರು ಐದುಪಟ್ಟು ಕೊಟ್ಟರೂ ಕೊಲೆಸ್ಟರಾಲ್ ಇಳಿಯಲಿಲ್ಲ. ಅದನ್ನು ಮುಚ್ಚಿಡದೆ ಪ್ರಕಟಿಸಿದರು. ಇನ್ನೊಂದು ಉದಾಹರಣೆ ಸಕ್ಕರೆ ಕಾಯಿಲೆಯದು. ಪಿ. ಸುರೇಶ್ ಬಾಬು ಮತ್ತು ಶ್ರೀನಿವಾಸನ್ 1990ರ ದಶಕದಲ್ಲಿ ಸ್ಟ್ರೆಪ್ಟೊಜೊಟೊಸಿನ್ ಎಂಬ ರಾಸಾಯನಿಕದಿಂದ ಇಲಿಗಳಿಗೆ ಮಧುಮೇಹ ಬರಿಸಿ, ಎಂಟು ವಾರ ಶೇ. 0.5ರಷ್ಟು ಕರ್ಕ್ಯುಮಿನ್ ಉಣಿಸಿದರು. ಮೂತ್ರದಲ್ಲಿ ಅಲ್ಬುಮಿನ್ ಸೋರುವುದು ಕಡಿಮೆಯಾಯಿತು, ಮೂತ್ರಪಿಂಡದ ಹಾನಿ ತಗ್ಗಿತು, ಕೊಲೆಸ್ಟರಾಲ್ ಇಳಿಯಿತು. ರಕ್ತದ ಸಕ್ಕರೆ ಮಾತ್ರ ಇಳಿಯಲಿಲ್ಲ. ಇಂದು ಅರಿಶಿನ ಸಕ್ಕರೆ ಕಾಯಿಲೆಯನ್ನು ಗುಣಪಡಿಸುತ್ತದೆ ಎಂದು ಫೋನಿನಿಂದ ಫೋನಿಗೆ ಹಾರುವ ಸಂದೇಶಗಳನ್ನು ಓದುವಾಗ, ದೇವರಾಜ ಮೊಹಲ್ಲಾದ ಆ ಸಾಲು ನೆನಪಾಗಿ ಸಂಕಟವಾಗುತ್ತದೆ. ಕಷ್ಟಪಟ್ಟು ಕಂಡುಕೊಂಡ ಸತ್ಯದ ಅರ್ಧ ಭಾಗ ಮಾತ್ರ ಊರು ಸುತ್ತುತ್ತಿದೆ.

ಪ್ರಮಾಣದ ಮಾತನ್ನೂ ಇಲ್ಲಿ ಆಡಿಬಿಡಬೇಕು. ಒಬ್ಬ ಮನುಷ್ಯ ದಿನಕ್ಕೆ ಅರ್ಧ ಕಿಲೋ ಒಣ ಆಹಾರ ತಿನ್ನುತ್ತಾನೆ ಎಂದುಕೊಳ್ಳೋಣ. ಅದರ ಶೇ. 0.5 ಎಂದರೆ ಎರಡೂವರೆ ಗ್ರಾಂ ಕರ್ಕ್ಯುಮಿನ್. ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ಶೇ. 3ರ ಆಸುಪಾಸಿನಲ್ಲಿ. ಹಾಗಾದರೆ ಇಲಿಗೆ ಸರಿಸಮನಾಗಿ ತಿನ್ನಲು ದಿನಕ್ಕೆ 80 ಗ್ರಾಂ ಅರಿಶಿನ ಪುಡಿ ಬೇಕು. ಒಗ್ಗರಣೆಗೆ ಚಿಟಿಕೆ ಹಾಕುವ ಮನೆಯಲ್ಲಿ ಅದು ತಿಂಗಳ ಸಾಮಾನು. ಮೆಂತ್ಯದ ಲೆಕ್ಕ ಇದಕ್ಕಿಂತ ಹತ್ತಿರದ್ದು. 2009ರಲ್ಲಿ ಆರ್.ಎಲ್.ಆರ್. ರೆಡ್ಡಿ ಮತ್ತು ಶ್ರೀನಿವಾಸನ್ ಚಿಟ್ಟಿಲಿಗಳಿಗೆ ಕಲ್ಲು ಕಟ್ಟಿಸುವ ಆಹಾರದೊಂದಿಗೆ ಮೆಂತ್ಯವನ್ನು ಶೇ. 5, 10 ಮತ್ತು 15ರಂತೆ ಕೊಟ್ಟಾಗ ಕಲ್ಲು ಕಂಡದ್ದು ಕ್ರಮವಾಗಿ ಶೇ. 63, 40 ಮತ್ತು 10ಕ್ಕೆ. ಮೆಂತ್ಯವಿಲ್ಲದ ಗುಂಪಿನಲ್ಲಿ ಶೇ. 100. ಮೊದಲ ಪ್ರಮಾಣ ಮನುಷ್ಯನ ಲೆಕ್ಕದಲ್ಲಿ ದಿನಕ್ಕೆ 25 ಗ್ರಾಂ. ಮೆಂತ್ಯದ ಹಿಟ್ಟು, ಮೆಂತ್ಯದ ದೋಸೆ ಬಲ್ಲ ಹಳೆ ಮೈಸೂರಿನವರಿಗೆ ಇದು ಎಟುಕದ ಪ್ರಮಾಣವೇನಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಆರ್.ಡಿ. ಶರ್ಮಾ ಮತ್ತು ಸಂಗಡಿಗರು ಅದಕ್ಕೂ ಮೊದಲೇ, 1990ರಲ್ಲಿ, ಕೊಬ್ಬು ತೆಗೆದ ಮೆಂತ್ಯದ ಪುಡಿಯನ್ನು ದಿನಕ್ಕೆ 100 ಗ್ರಾಂನಂತೆ ಮಧುಮೇಹಿಗಳಿಗೇ ಕೊಟ್ಟು, ರಕ್ತದ ಸಕ್ಕರೆ ಇಳಿದದ್ದನ್ನು ತೋರಿಸಿದ್ದರು.

ಇಲಿಯನ್ನು ನಂಬಬೇಕೋ ಬೇಡವೋ ಎಂಬ ವಾದ ವಿದ್ವಾಂಸರಲ್ಲಿ ಮೊದಲಿಂದಲೂ ಇದೆ. ಇಲಿಯ ರಕ್ತದಲ್ಲಿ ಕೊಲೆಸ್ಟರಾಲಿನ ಹೆಚ್ಚು ಪಾಲು ಎಚ್‌ಡಿಎಲ್ ರೂಪದಲ್ಲಿರುತ್ತದೆ, ನಮ್ಮಲ್ಲಿ ಹಾಗಲ್ಲ. ಅದರ ರಕ್ತನಾಳ ಸುಲಭಕ್ಕೆ ಕಟ್ಟಿಕೊಳ್ಳುವುದಿಲ್ಲ. ಮದ್ದು ಹಾಕಿ ಬರಿಸಿದ ಮಧುಮೇಹವೂ ನಲವತ್ತರ ನಂತರ ಮೆಲ್ಲಗೆ ಬರುವ ಮಧುಮೇಹವೂ ಒಂದೇ ಅಲ್ಲ. ಇಲಿಯನ್ನು ಸಮರ್ಥಿಸುವವರು, ಅದು ದಾರಿ ತೋರಿಸುತ್ತದೆ, ಊರು ತಲುಪಿಸುವುದಿಲ್ಲ ಎನ್ನುತ್ತಾರೆ. ಈ ಎರಡನೆಯ ಮಾತು ಸರಿಯೆಂದೇ ನನ್ನ ಅಭಿಪ್ರಾಯ. ಮುಂದಿನ ಘಟನೆಗಳು ಅದನ್ನು ಕಠಿಣವಾಗಿಯೇ ಪರೀಕ್ಷಿಸಿದವು. ಅದಕ್ಕೂ ಮೊದಲು ಅರಿಶಿನ ಯಾರದೆಂಬ ಜಗಳವೊಂದು ಎದುರಾಯಿತು.

1995ರ ಮಾರ್ಚ್‌ನಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಒಂದು ಪೇಟೆಂಟ್ ಸಿಕ್ಕಿತು, ಸಂಖ್ಯೆ 5,401,504. ಗಾಯ ಮಾಯಿಸಲು ಅರಿಶಿನ ಹಚ್ಚುವುದು ಹೊಸ ಆವಿಷ್ಕಾರ ಎಂಬುದು ಅದರ ಹಕ್ಕುಸಾಧನೆ. ಕಾಲು ಎಡವಿ ರಕ್ತ ಬಂದರೆ ಮೊದಲು ಅಡುಗೆಮನೆಗೆ ಓಡುವ ದೇಶದಲ್ಲಿ ಈ ಸುದ್ದಿ ಎಬ್ಬಿಸಿದ ಸಿಟ್ಟು ಸಣ್ಣದಲ್ಲ. ಸಿಎಫ್‌ಟಿಆರ್‌ಐನ ಮಾತೃಸಂಸ್ಥೆಯಾದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯ ಮುಖ್ಯಸ್ಥರಾಗಿದ್ದ ಆರ್.ಎ. ಮಶೇಲ್ಕರ್ 1996ರಲ್ಲಿ ಈ ಪೇಟೆಂಟನ್ನು ಪ್ರಶ್ನಿಸಲು ಮುಂದಾದರು. ಅಲ್ಲಿನ ಪೇಟೆಂಟ್ ಕಚೇರಿಗೆ ಸಿಟ್ಟು ಸಾಲದು, ಬರಹದ ಸಾಕ್ಷಿ ಬೇಕು. ಸಂಸ್ಕೃತ, ಉರ್ದು, ಹಿಂದಿ ಗ್ರಂಥಗಳೂ ಭಾರತೀಯ ವೈದ್ಯ ಸಂಘದ ಪತ್ರಿಕೆಯ 1953ರ ಲೇಖನವೂ ಸೇರಿ 32 ದಾಖಲೆಗಳು ಸಿದ್ಧವಾದವು. 1997ರಲ್ಲಿ ಪೇಟೆಂಟ್ ಬಿದ್ದುಹೋಯಿತು. ಮುಂದೆ ದೇಶದ ಸಾಂಪ್ರದಾಯಿಕ ಜ್ಞಾನವನ್ನು ಡಿಜಿಟಲ್ ಗ್ರಂಥಾಲಯವಾಗಿ ಕೂಡಿಸುವ ಕೆಲಸಕ್ಕೂ ಇದೇ ನಾಂದಿಯಾಯಿತು. ಅಜ್ಜಿಗೆ ಗೊತ್ತಿತ್ತು ಎಂಬುದಷ್ಟನ್ನೇ ಹಿಡಿದು ಹೋಗಿದ್ದರೆ ನಾವು ಸೋಲುತ್ತಿದ್ದೆವು. ಯಾರೋ ಎಂದೋ ಬರೆದಿಟ್ಟದ್ದು ಕಾಪಾಡಿತು.

ಪೇಟೆಂಟಿನ ಗದ್ದಲ ಅಡಗುವ ಹೊತ್ತಿಗೆ ಬೆಂಗಳೂರಿನಿಂದ ಇನ್ನೊಂದು ಸುದ್ದಿ ಬಂತು. ಕರ್ಕ್ಯುಮಿನ್ ಬಗ್ಗೆ ಎಲ್ಲರಿಗೂ ಗೊತ್ತಿದ್ದ ತೊಡಕೊಂದಿತ್ತು. ಅದನ್ನು ಎಷ್ಟು ನುಂಗಿದರೂ ರಕ್ತದಲ್ಲಿ ಕಾಣುವುದೇ ಅಪರೂಪ. ಕರುಳು ಮತ್ತು ಯಕೃತ್ತು ಅದನ್ನು ಬೇಗ ಮಾರ್ಪಡಿಸಿ ಹೊರಗಟ್ಟುತ್ತವೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜಿ. ಶೋಬಾ ಮತ್ತು ಸಂಗಡಿಗರು 1998ರಲ್ಲಿ ಕರ್ಕ್ಯುಮಿನ್ ಜೊತೆಗೆ ಕರಿಮೆಣಸಿನ ಸತ್ವವಾದ ಪೈಪರಿನ್ ಕೊಟ್ಟು ನೋಡಿದರು. ಇಲಿಗಳ ರಕ್ತಕ್ಕೆ ಸೇರುವ ಕರ್ಕ್ಯುಮಿನ್ ಶೇ. 154ರಷ್ಟು ಏರಿತು. ಮನುಷ್ಯರಲ್ಲಿ ಎರಡು ಗ್ರಾಂ ಕರ್ಕ್ಯುಮಿನ್‌ಗೆ ಬರೀ 20 ಮಿಲಿಗ್ರಾಂ ಪೈಪರಿನ್ ಸೇರಿಸಿದ್ದಕ್ಕೆ ಏರಿದ್ದು ಶೇ. 2000. ಅರಿಶಿನವೂ ಮೆಣಸೂ ಒಂದೇ ಪಾತ್ರೆಯಲ್ಲಿ ಕುದಿಯುವ ಮೆಣಸಿನ ಸಾರನ್ನು ಉಂಡು ಬೆಳೆದವರಿಗೆ ಇದು ಹಿಗ್ಗಿನ ಸುದ್ದಿ. ಆದರೆ ಇಲಿ ಮತ್ತು ಮನುಷ್ಯನ ನಡುವಿನ ಅಂತರವನ್ನು ಗಮನಿಸಿ. ಇಲಿಯೊಂದನ್ನೇ ನಂಬಿದ್ದರೆ ಮನುಷ್ಯನಲ್ಲಿ ಏರಿಕೆ ಎಷ್ಟೆಂದು ಸರಿಯಾಗಿ ಊಹಿಸಲಾಗುತ್ತಿರಲಿಲ್ಲ.

ಈ ಸಂಶೋಧನೆಯ ಬೆನ್ನಿಗೇ ಕರ್ಕ್ಯುಮಿನ್ ಮತ್ತು ಮೆಣಸಿನ ಸತ್ವವನ್ನು ಕೂಡಿಸಿದ ಕ್ಯಾಪ್ಸೂಲುಗಳು ಜಗತ್ತಿನ ಅಂಗಡಿಗಳಲ್ಲಿ ತುಂಬಿದವು. ಮೈಸೂರಿನವರು ಅಳೆದದ್ದು ಊಟದಲ್ಲಿ ಬೆರೆತ ಮಸಾಲೆಯನ್ನು; ಮಾರಾಟಕ್ಕೆ ಬಂದದ್ದು ಊಟದಿಂದ ಬೇರ್ಪಟ್ಟ ಗುಳಿಗೆ. 2017ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿಗಳ ತಂಡವೊಂದು ಕರ್ಕ್ಯುಮಿನ್ ಕುರಿತ ಸಂಶೋಧನೆಗಳನ್ನೆಲ್ಲ ಜಾಲಾಡಿತು. ಇದು ಬೇಗ ಒಡೆದುಹೋಗುವ, ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಸುಳ್ಳು ಫಲ ತೋರಿಸಬಲ್ಲ ಅಣು, ನೂರಕ್ಕೂ ಹೆಚ್ಚು ಪ್ರಯೋಗಗಳು ರೋಗಿಗಳ ಮೇಲೆ ನಡೆದರೂ ಕಟ್ಟುನಿಟ್ಟಾದ ಪರೀಕ್ಷೆಯಲ್ಲಿ ಗೆದ್ದದ್ದಿಲ್ಲ ಎಂದು ಅದು ಬರೆಯಿತು. ಹಲವರು ಒಪ್ಪಲಿಲ್ಲ. ಅರಿಶಿನವೆಂದರೆ ಕರ್ಕ್ಯುಮಿನ್ ಒಂದೇ ಅಲ್ಲ, ರಕ್ತಕ್ಕೆ ಸೇರದೆಯೂ ಕರುಳಿನಲ್ಲೇ ಅದು ಕೆಲಸ ಮಾಡಬಹುದು ಎಂಬುದು ಅವರ ವಾದ. 1970ರ ಹಿಕ್ಕೆಯ ಲೆಕ್ಕ ಈ ಎರಡನೆಯ ವಾದಕ್ಕೇ ಹತ್ತಿರ. ಈ ನಡುವೆ ಅರಿಶಿನದ ಗುಳಿಗೆ ನುಂಗಿ ಯಕೃತ್ತು ಕೆಟ್ಟವರ ವರದಿಗಳು ಇಟಲಿ, ಅಮೆರಿಕಗಳಿಂದ ಬಂದವು. ಅವರು ನುಂಗಿದ ಗುಳಿಗೆಗಳಲ್ಲಿ ಕೆಲವದರಲ್ಲಿ ಮೆಣಸಿನ ಸತ್ವವೂ ಇತ್ತು. ಹೀರಿಕೆ ಹೆಚ್ಚಿಸುವುದು ಯಾವಾಗಲೂ ವರವಲ್ಲ.

ಕರುಳಿನ ಮಾತು ಬಂದರೆ ಅಲ್ಲಿ ಮನೆಮಾಡಿರುವ ಜೀವಾಣುಗಳ ಮಾತೂ ಬರಲೇಬೇಕು. ಮೊಸರಿನ ಜೀವಾಣು ಆಯಸ್ಸು ಹೆಚ್ಚಿಸೀತು ಎಂದು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಇಲ್ಯಾ ಮೆಚ್ನಿಕಾಫ್ ಇಪ್ಪತ್ತನೇ ಶತಮಾನದ ಆರಂಭದಲ್ಲೇ ವಾದಿಸಿದ್ದರು. ಮಸಾಲೆಯ ಹಾಗೆ ಪ್ರೊಬಯಾಟಿಕ್‌ಗಳೂ, ಅಂದರೆ ಆರೋಗ್ಯಕ್ಕೆ ಒಳ್ಳೆಯದೆಂದು ತಿನ್ನಿಸುವ ಜೀವಂತ ಜೀವಾಣುಗಳೂ, ಮೊದಲು ಇಲಿಯ ಮೇಲೆಯೇ ಪರೀಕ್ಷೆಗೆ ಬರುತ್ತವೆ. ಇಲ್ಲಿಯೂ ಇಲಿಗೆ ಅದರದೇ ರೀತಿಯಿದೆ. ಅದು ತನ್ನ ಹಿಕ್ಕೆಯನ್ನು ತಾನೇ ತಿನ್ನುತ್ತದೆ. ಒಮ್ಮೆ ಕೊಟ್ಟ ಜೀವಾಣು ಮತ್ತೆ ಮತ್ತೆ ಒಳಗೆ ಹೋಗುತ್ತದೆ, ಒಂದೇ ಪಂಜರದ ಇಲಿಗಳು ಪರಸ್ಪರರ ಜೀವಾಣುಗಳನ್ನು ಹಂಚಿಕೊಳ್ಳುತ್ತವೆ.

ಇಲಿಯಿಂದ ಮನುಷ್ಯನಿಗೆ ದಾಟುವಾಗ ಏನಾಗಬಹುದೆಂಬುದನ್ನು ನೆದರ್‌ಲೆಂಡ್ಸ್ ಬಹಳ ದುಃಖದಿಂದ ಕಲಿಯಿತು. ಮೇದೋಜೀರಕ ಗ್ರಂಥಿಯ ಉರಿಯೂತವಿದ್ದ ಇಲಿಗಳಿಗೆ ಪ್ರೊಬಯಾಟಿಕ್ ಕೊಟ್ಟಾಗ ಸೋಂಕು ಹರಡುವುದು ತಗ್ಗಿತ್ತು. ಅದೇ ಭರವಸೆಯಲ್ಲಿ ಅದೇ ಕಾಯಿಲೆ ತೀವ್ರವಾಗುವ ಸೂಚನೆಯಿದ್ದ 296 ರೋಗಿಗಳ ಮೇಲೆ ಪ್ರಯೋಗ ನಡೆಯಿತು. 2008ರಲ್ಲಿ ಫಲಿತಾಂಶ ಬಂದಾಗ ಪ್ರೊಬಯಾಟಿಕ್ ಪಡೆದವರಲ್ಲಿ 24 ಮಂದಿ ತೀರಿಕೊಂಡಿದ್ದರು, ಪಡೆಯದವರಲ್ಲಿ 9 ಮಂದಿ. ಒಳ್ಳೆಯದೆಂದು ಎಲ್ಲರೂ ನಂಬಿದ್ದ ಜೀವಾಣುಗಳು ಅಷ್ಟು ಜರ್ಜರಿತವಾದ ಕರುಳಿಗೆ ಹೊರೆಯಾಗಿರಬಹುದು. ಭಾರತದಲ್ಲಿ 2011ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ ಸೇರಿ ಪ್ರೊಬಯಾಟಿಕ್ ಆಹಾರಕ್ಕೆ ಮಾರ್ಗಸೂಚಿ ಹೊರಡಿಸಿದವು. ಒಡಿಶಾದ ಹಳ್ಳಿಗಳಲ್ಲಿ 4,556 ನವಜಾತ ಶಿಶುಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನ ಮಾತ್ರ ಬೇರೆಯೇ ಕಥೆ ಹೇಳಿತು. ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್ ಎಂಬ ಜೀವಾಣುವನ್ನು ಅದಕ್ಕೆ ಆಹಾರವಾಗುವ ನಾರಿನಂಶದೊಡನೆ ಪಡೆದ ಮಕ್ಕಳಲ್ಲಿ ರಕ್ತದ ನಂಜು ಮತ್ತು ಸಾವು ಒಟ್ಟಾಗಿ ಶೇ. 5.4, ಪಡೆಯದವರಲ್ಲಿ ಶೇ. 9.

ಜೀವಾಣುಗಳ ವಿಷಯದಲ್ಲಿ ದೇವರಾಜ ಮೊಹಲ್ಲಾದವರು ಕೇಳಿದ್ದು ಮತ್ತೊಂದು ಪ್ರಶ್ನೆ, ಅವರ ಹಿಂದಿನವರ ಹಾಗೆಯೇ ಪ್ರಾಮಾಣಿಕವಾದ ಪ್ರಶ್ನೆ. ಸಿಎಫ್‌ಟಿಆರ್‌ಐನ ಪ್ರಕಾಶ್ ಹಳಾಮಿ ಮತ್ತು ಸಹೋದ್ಯೋಗಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಮ್ಮ ದೇಶದ ಹುಳಿ ಬರಿಸಿದ ಆಹಾರಗಳ ಲ್ಯಾಕ್ಟಿಕ್ ಆಮ್ಲದ ಜೀವಾಣುಗಳಲ್ಲಿ ಎರಿತ್ರೊಮೈಸಿನ್, ಟೆಟ್ರಾಸೈಕ್ಲಿನ್ ಎಂಬ ಆಂಟಿಬಯಾಟಿಕ್‌ಗಳನ್ನು ಎದುರಿಸುವ ಜೀನ್‌ಗಳು ಕಂಡವು. ಕೋಳಿಗೆ, ದನಕ್ಕೆ ಬೇಕಾಬಿಟ್ಟಿ ಕೊಡುವ ಆಂಟಿಬಯಾಟಿಕ್‌ಗಳು ಇಂಥ ಜೀನ್‌ಗಳಿಗೆ ಪೋಷಣೆ. ಕೊಲಿಸ್ಟಿನ್ ಎಂಬ ಕಟ್ಟಕಡೆಯ ಮದ್ದನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡುವುದನ್ನು ನಮ್ಮ ಸರ್ಕಾರ ನಿಷೇಧಿಸಿದ್ದು 2019ರಲ್ಲಷ್ಟೇ. ರೋಗ ತಡೆಯಬೇಕಾದ ಜೀವಾಣುವೇ ಮದ್ದಿಗೆ ಬಗ್ಗದ ಗುಣವನ್ನು ಹೊತ್ತಿದ್ದರೆ, ಅದು ಕರುಳಿನಲ್ಲಿ ರೋಗಾಣುವಿನ ಪಕ್ಕ ಕೂತು ಆ ಗುಣವನ್ನು ಅದಕ್ಕೂ ದಾಟಿಸಬಹುದು.

ಇಡ್ಲಿ ಹಿಟ್ಟು ಉಬ್ಬಿದ ಮೇಲೆ ಹಬೆಯಲ್ಲಿ ಬೇಯುತ್ತದೆ, ಅದರೊಳಗಿನ ಜೀವಾಣುಗಳೂ ಬೇಯುತ್ತವೆ. ಮೊಸರು ಹಾಗಲ್ಲ; ಅದರ ಜೀವಾಣುಗಳು ಜೀವಂತವಾಗಿಯೇ ನಮ್ಮೊಳಗೆ ಇಳಿಯುತ್ತವೆ. ಮನೆಯಲ್ಲಿ ಹೆಪ್ಪು ತೀರಿದರೆ ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋಗಿ ಒಂದು ಚಮಚ ತರುತ್ತೇವೆ. ಆ ಚಮಚದಲ್ಲಿ ಯಾವ ಯಾವ ಜೀವಾಣು ಇದೆ, ಅದು ಏನೇನನ್ನು ಹೊತ್ತಿದೆ ಎಂದು ನೋಡುವ ಕೆಲಸ ಆ ಮಹಲಿನ ಆವರಣದಲ್ಲಿ ಶುರುವಾಗಿದೆ.